ಕೌಟುಂಬಿಕ ಕಾರಣಗಳಿಂದ

ನಾನು ಈವರೆಗೆ ಬರೆದಿರುವ ಪತ್ರಗಳಲ್ಲಿ ಮೂರು ಬಹಳ ಚೆನ್ನಾಗಿವೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ನಿಜ ಹೇಳಬೇಕೆಂದರೆ ಆ ಮೂರೂ ಒಂದೇ ಪತ್ರ. ಮೊದಲನೆಯದನ್ನು ಎರಡು ದಿನ ಯೋಚಿಸಿ ಬರೆದೆ. ಎರಡನೆಯದನ್ನು ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡು ಬರೆದೆ. ಮೂರನೆಯದರ ಹೊತ್ತಿಗೆ ಮೇಜಿನ ಮೇಲೆ ಕಂಪ್ಯೂಟರ್ ಬಂದಿದ್ದರಿಂದ ಅದನ್ನೇ ಟೈಪು ಮಾಡಿ ಊರಿನ ಹೆಸರು ಮತ್ತು ತಾರೀಕು ಬದಲಾಯಿಸಿದೆ, ಅಷ್ಟೇ. ಮೂರರ ಸಾರಾಂಶವೂ ಇಷ್ಟು: ತಾವು ದಯಪಾಲಿಸಿರುವ ಬಡ್ತಿಗೆ ನಾನು ಋಣಿ, ಆದರೆ ಕೌಟುಂಬಿಕ ಕಾರಣಗಳಿಂದ ಅದನ್ನು ಸ್ವೀಕರಿಸಲು ಆಗುತ್ತಿಲ್ಲ, ಮನ್ನಿಸಬೇಕು. ನಾನು ಆಫೀಸಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವನು. ಹಾಗಾಗಿ ಮೇಲೆ ಕನ್ನಡದಲ್ಲಿ ಬರೆದು, ಕನ್ನಡ ಓದಲು ಬಾರದ ಮೇಲಧಿಕಾರಿಗಳ ಅನುಕೂಲಕ್ಕೆಂದು ಕೆಳಗೆ ಇಂಗ್ಲಿಷಿನಲ್ಲೂ ಬರೆಯುತ್ತಿದ್ದೆ.

ನಮ್ಮದು ವಿಮಾ ಕಚೇರಿ. ಅಲ್ಲಿ ಬಡ್ತಿ ಎಂದರೆ ವರ್ಗ. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಬಿಡುವಂತಿಲ್ಲ. ಗುಮಾಸ್ತನಾಗಿದ್ದರೆ ಊರಲ್ಲೇ ಇರಬಹುದು, ಅಧಿಕಾರಿಯಾದರೆ ಭೂಪಟ ತೆಗೆದು ಊರು ಹುಡುಕಬೇಕು. ಬೇರೆ ಕಡೆಯವರು ಬಡ್ತಿ ಸಿಗಲಿ ಎಂದು ದೇವರಿಗೆ ಹರಕೆ ಹೊರುತ್ತಾರಂತೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ನಮ್ಮಂಥ ಗುಮಾಸ್ತರು ಬಡ್ತಿ ತಪ್ಪಿಹೋದರೆ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸುತ್ತೇವೆಂದು ಹರಕೆ ಹೊರುವ ಪೈಕಿ. ವಿಘ್ನೇಶ್ವರನಿಗೂ ವಿಚಿತ್ರ ಅನ್ನಿಸಿರಬೇಕು: ಎಲ್ಲರೂ ವಿಘ್ನ ನಿವಾರಿಸು ಎಂದು ಬಂದರೆ ನಾವು ವಿಘ್ನ ಕೊಡಪ್ಪಾ ಎಂದು ಕೈಮುಗಿದು ನಿಂತಿರುತ್ತೇವೆ. ಗಣಪತಿ ಕೈಕೊಟ್ಟು ಆರ್ಡರ್ ಬಂದೇಬಿಟ್ಟಿತು ಅನ್ನಿ, ಆಗ ಉಳಿಯುವುದು ಬೇಡ ಎಂದು ಬರೆದುಕೊಡುವ ಪತ್ರ. ನಮ್ಮ ಆಫೀಸಿನಲ್ಲಿ ಈ ಪತ್ರ ಬರೆಯದೆ ನಿವೃತ್ತರಾದವರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಿದ್ದರು.

ನನ್ನ ಮನೆತನದ ಇತಿಹಾಸವೂ ಇದಕ್ಕೆ ತಕ್ಕಂತೆಯೇ ಇದೆ. ನಮ್ಮ ತಾತ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದರು, ಅಪ್ಪನೂ ಅದೇ ಅಂಗಡಿಯಲ್ಲಿ ಕೂತರು. ಚಾಮರಾಜಪೇಟೆಯ ಮನೆಯಿಂದ ಬೆಳಿಗ್ಗೆ ವಿಭೂತಿ ಧರಿಸಿ ಹೊರಟರೆ ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅವರ ಪ್ರಪಂಚದ ಸುತ್ತಳತೆ ಅಷ್ಟು. ನಾನು ಮದುವೆಯಾಗಿ ಕೆಲವು ವರ್ಷಕ್ಕೆ, ಜಾಗ ಸಾಲದೆಂದು, ಚಾಮರಾಜಪೇಟೆಯಿಂದ ಶಂಕರಪುರಕ್ಕೆ ಮನೆ ಬದಲಾಯಿಸಿದೆ. ನಡೆದರೆ ಇಪ್ಪತ್ತು ನಿಮಿಷ. ಆವತ್ತು ನಮ್ಮಮ್ಮ ಕಣ್ಣೀರು ಹಾಕಿ, ದಾರಿಗೆ ಬುತ್ತಿ ಕಟ್ಟಿಕೊಟ್ಟರು. ನಾವು ಅದನ್ನು ತಣ್ಣಗಾಗುವ ಮೊದಲೇ ಹೊಸ ಮನೆಯಲ್ಲಿ ಕೂತು ತಿಂದೆವು. ನನ್ನ ಬದುಕಿನ ಮಹಾವಲಸೆ ಅದೊಂದೇ.

ಕೌಟುಂಬಿಕ ಕಾರಣ ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ಈಗ ಕುಟುಂಬ ಎಂದರೆ ಮನೆಮಂದಿಯೆಲ್ಲ. ನಮ್ಮ ತಾತನ ಕಾಲದವರು ಹಾಗನ್ನುತ್ತಿರಲಿಲ್ಲ. ಅವರಿಗೆ ಕುಟುಂಬ ಎಂದರೆ ಹೆಂಡತಿ. ಅಂಗಡಿಗೆ ಯಾರಾದರೂ ಬಂದು ಯೋಗಕ್ಷೇಮ ವಿಚಾರಿಸಿದರೆ ತಾತ, “ಕುಟುಂಬಕ್ಕೆ ಮಂಡಿನೋವು” ಎನ್ನುತ್ತಿದ್ದರು. ಅಷ್ಟೂ ಜನಕ್ಕೆ ಒಟ್ಟಿಗೆ ಮಂಡಿನೋವು ಹೇಗೆ ಬಂತು ಎಂದು ನಾನು ಚಿಕ್ಕಂದಿನಲ್ಲಿ ಬೆರಗಾಗಿದ್ದೇನೆ. ಆಮೇಲೆ ತಿಳಿಯಿತು, ಅದು ಅಜ್ಜಿಯ ಮಂಡಿ. ಹೆಂಡತಿಯ ಹೆಸರು ಹೇಳಲು ನಾಚಿಕೆ, ಹೆಂಡತಿ ಎನ್ನಲೂ ನಾಚಿಕೆ, ಹಾಗಾಗಿ ಇಡೀ ಕುಟುಂಬವನ್ನೇ ಆಕೆಯ ಹೆಸರಿಗೆ ಬರೆದುಬಿಟ್ಟಿದ್ದರು. ಆ ಲೆಕ್ಕದಲ್ಲಿ ನೋಡಿದರೆ ಕೌಟುಂಬಿಕ ಕಾರಣಗಳಿಂದ ಎಂದರೆ ಹೆಂಡತಿಯ ಕಾರಣದಿಂದ ಎಂದೇ ಅರ್ಥ. ನಾನು ಮೂರು ಸಲವೂ ಬರೆದದ್ದು ಆ ಅರ್ಥದಲ್ಲೇ.

ನನ್ನ ಹೆಂಡತಿಯ ಹೆಸರು ಗಿರಿಜಾ. ಚಿತ್ರದುರ್ಗದವಳು. ನಮಗೆ ಮಕ್ಕಳಾಗಲಿಲ್ಲ. ಮೊದಲ ಬಡ್ತಿ ಬಂದದ್ದು ಡೆಹ್ರಾಡೂನಿಗೆ, ಹದಿನೆಂಟು ವರ್ಷದ ಹಿಂದೆ. ಬೇಡವೆಂದು ಬರೆದು ಕೊಟ್ಟಾಗ ಆಗಿನ ಮ್ಯಾನೇಜರು ಪತ್ರ ಓದಿ ಕನ್ನಡಕ ತೆಗೆದು, “ಅಲ್ರೀ ರುದ್ರಪ್ಪ, ಮಕ್ಕಳ ಸ್ಕೂಲಿಲ್ಲ, ಏನಿಲ್ಲ, ನಿಮಗೆಂಥದ್ರೀ ಕೌಟುಂಬಿಕ ಕಾರಣ?” ಎಂದರು. ಒಳ್ಳೆಯ ಮನುಷ್ಯ, ಆದರೆ ಮಾತು ಚುಚ್ಚಿತು. ಚುಚ್ಚಿದ ಜಾಗದಿಂದ ಒಂದು ಸುಳ್ಳು ತಾನಾಗಿಯೇ ಹೊರಬಂತು. “ನಮ್ಮ ಮನೆಯವರಿಗೆ ಊರು ಬಿಟ್ಟರೆ ಆಗೋದಿಲ್ಲ ಸಾರ್. ತುಂಬಾ ಹಚ್ಕೊಂಡ್ಬಿಟ್ಟಿದಾರೆ” ಎಂದೆ. ಅವರು ತಲೆಯಾಡಿಸಿ ಸಹಿ ಹಾಕಿದರು.

ಸತ್ಯ ಬೇರೆಯೇ ಇತ್ತು. ಊರು ಬಿಟ್ಟರೆ ಆಗದವನು ನಾನು. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವರ ಕೂಗು ಕೇಳಿಸದಿದ್ದರೆ ನನಗೆ ಬೆಳಗಾದ ನಂಬಿಕೆ ಬರುವುದಿಲ್ಲ. ಕೃಷ್ಣರಾವ್ ಪಾರ್ಕಿನಲ್ಲಿ ಇಂತಿಂಥ ಬೆಂಚಿನ ಮೇಲೆ ಇಂತಿಂಥ ಹೊತ್ತಿಗೆ ಇಂತಿಂಥವರು ಕೂತಿರುತ್ತಾರೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಹಿಂದಿ ಎಂದರೆ ನಾಲಿಗೆ ತೊಡರುತ್ತದೆ. ಹೊಸ ಊರಿನಲ್ಲಿ ನಾನು ಯಾರೂ ಅಲ್ಲದವನಾಗಿ, ಬಸ್ ಸ್ಟಾಪಿನಲ್ಲಿ ದಾರಿ ಕೇಳುತ್ತ ನಿಂತಿರುವುದನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಜಾಣ. ಹೆಂಡತಿಗೆ ಕುಣಿಯಲು ಬರುವುದಿಲ್ಲ ಅಂದೆ.

ಈ ಸುಳ್ಳು ನನ್ನ ಮುಂದೆಯೇ ಒಂದು ಸಲ ಅವಳ ಎದುರಿಗೆ ಬಂದು ನಿಂತಿತು. ಆಫೀಸಿನವರೊಬ್ಬರ ಮಗಳ ಮದುವೆ, ಮಲ್ಲೇಶ್ವರದ ಛತ್ರದಲ್ಲಿ. ಊಟಕ್ಕೆ ಕೂತಾಗ ಎದುರು ಸಾಲಿನಲ್ಲಿ ಮ್ಯಾನೇಜರು. ಹೋಳಿಗೆಗೆ ತುಪ್ಪ ಬೀಳುತ್ತಿದ್ದ ಹೊತ್ತಿನಲ್ಲಿ ಅವರು ಎಲ್ಲರಿಗೂ ಕೇಳಿಸುವಂತೆ, “ಏನಮ್ಮಾ, ಊರು ಬಿಟ್ಟು ಕದಲೋದಿಲ್ಲ ಅಂತ ನಮ್ಮ ರುದ್ರಪ್ಪನ್ನ ಕಟ್ಟಿಹಾಕಿಬಿಟ್ಟಿದೀರಂತೆ! ಅವರು ಇಷ್ಟೊತ್ತಿಗೆ ಆಫೀಸರ್ ಆಗಿರ್ತಿದ್ರು” ಎಂದರು. ಗಿರಿಜೆ ನನ್ನ ಕಡೆ ನೋಡಲಿಲ್ಲ. ನಗುತ್ತಾ, “ಹೌದು ಸಾರ್, ನಂಗೆ ಈ ಏರಿಯಾ ಬಿಟ್ಟರೆ ಉಸಿರು ಕಟ್ಟಿದಂಗಾಗುತ್ತೆ” ಎಂದಳು. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬರುವ ಆಟೋದಲ್ಲಿ ನಾನು ಕ್ಷಮೆ ಕೇಳಬೇಕೆಂದು ಅವಳ ಕಡೆ ತಿರುಗಿದೆ. ಅವಳು ಮೊದಲೇ ಮಾತು ತೆಗೆದು, “ಹೋಳಿಗೆ ಚೆನ್ನಾಗಿತ್ತು, ಅಲ್ವಾ?” ಅಂದಳು. ನಾನು ಹೌದು ಅಂದೆ. ನಮ್ಮ ಮನೆಯಲ್ಲಿ ಈ ವಿಷಯದ ಬಗ್ಗೆ ನಡೆದ ಚರ್ಚೆ ಅಷ್ಟೇ. ಆಮೇಲೆ ನಾಗಪುರ ಬಂತು, ಭುವನೇಶ್ವರ ಬಂತು, ಅವಕ್ಕೂ ಅದೇ ಪತ್ರ ಹೋಯಿತು. ಪ್ರತಿಸಲವೂ ಆರ್ಡರಿನ ವಿಷಯ ಅವಳಿಗೆ ಹೇಳುತ್ತಿದ್ದೆ, ಆದರೆ ಬೇಡವೆಂದು ಬರೆದುಕೊಟ್ಟ ಮೇಲೆ ಹೇಳುತ್ತಿದ್ದೆ. ಅವಳು “ಇರ್ಲಿ ಬಿಡಿ” ಎಂದು ಒಳಗೆ ಹೋಗುತ್ತಿದ್ದಳು. ನನಗೆ ಬೇಕಾಗಿದ್ದದ್ದೂ ಆ ಎರಡೇ ಮಾತು.

ಹೋದ ವರ್ಷ ಶ್ರಾವಣದಲ್ಲಿ ಗಿರಿಜೆ ತೀರಿಕೊಂಡಳು. ನಾಲ್ಕು ದಿನದ ಜ್ವರ. ಐದನೆಯ ದಿನಕ್ಕೆ ಏನೂ ಉಳಿಯಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಇನ್ನೂ ಶಕ್ತಿ ಬಂದಿಲ್ಲ.

ಈ ವರ್ಷ ನಾಲ್ಕನೆಯ ಆರ್ಡರ್ ಬಂತು. ನನಗೀಗ ಐವತ್ತೇಳು, ಇನ್ನು ಮೂರು ವರ್ಷ ಸರ್ವಿಸು. ಇದೇ ಕೊನೆಯ ಬಡ್ತಿ. ಊರು ಜಬಲ್ಪುರ. ಹದಿನೈದು ದಿನದೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಲಿಖಿತವಾಗಿ ತಿಳಿಸಬೇಕು. ನಿರಾಕರಿಸುವುದಾದರೆ ಕಾರಣ ಕೊಡಬೇಕು. ಸಿಬ್ಬಂದಿ ವಿಭಾಗದಲ್ಲಿ ಪಲ್ಲವಿ ಎಂಬ ಹುಡುಗಿ ಇದ್ದಾಳೆ, ಚುರುಕು, ಎಲ್ಲರೊಂದಿಗೂ ಸಲಿಗೆ. ನಾನು ಆರ್ಡರಿಗೆ ಸಹಿ ಹಾಕುವಾಗ ಅವಳು ನಗುತ್ತಾ, “ಏನ್ ಸಾರ್, ಹಳೇ ಲೆಟರ್ ರೆಡಿ ಮಾಡ್ಕೊಂಡ್ಬಿಡಿ. ಊರು ಚೇಂಜ್ ಮಾಡಿದ್ರಾಯ್ತು, ಕಾರಣ ಹೆಂಗೂ ಅದೇ...” ಎಂದಳು. ಅಷ್ಟು ಹೇಳಿ ನಿಲ್ಲಿಸಿದಳು. ಮುಖ ಕೆಂಪಾಗಿ, “ಸಾರಿ ಸಾರ್” ಎಂದು ತಲೆ ತಗ್ಗಿಸಿದಳು. ನಾನು ಪರವಾಗಿಲ್ಲಮ್ಮ ಎಂದು ಹೊರಗೆ ಬಂದು ಮೆಟ್ಟಿಲು ಇಳಿದೆ. ಹದಿನೆಂಟು ವರ್ಷ ನನ್ನನ್ನು ಕಾಪಾಡಿದ ಮಾತು ಈಗ ಕೈಬಿಟ್ಟಿದೆ ಎಂದು ಆಗ ಹೊಳೆಯಿತು. ಕುಟುಂಬವೇ ಇಲ್ಲದವನು ಕೌಟುಂಬಿಕ ಕಾರಣ ಎಂದು ಹೇಗೆ ಬರೆಯಬೇಕು?

ಹಾಗೆಂದು ಹೋಗುವ ಮನಸ್ಸಿತ್ತೇ ಎಂದರೆ ಅದೂ ಇರಲಿಲ್ಲ. ಬಿಟ್ಟು ಹೋಗದಿರುವುದಕ್ಕೆ ನನ್ನ ಹತ್ತಿರ ಒಂದು ಕಾರಣ ಇದ್ದೇ ಇತ್ತು, ಆದರೆ ಅದನ್ನು ಆಫೀಸಿನ ಕಾಗದದಲ್ಲಿ ಬರೆಯಲು ಬರುವುದಿಲ್ಲ. ನಮ್ಮಲ್ಲಿ ಹೆಣ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಸುಡುವವರು ಬೂದಿಯನ್ನು ನದಿಗೆ ಬಿಟ್ಟು ಮನೆಗೆ ಬರುತ್ತಾರೆ, ಅವರಿಗೆ ನೆನಪು ಉಳಿಯುತ್ತದೆ. ನಮಗೆ ನೆನಪಿನ ಜೊತೆಗೆ ಒಂದು ಜಾಗವೂ ಉಳಿದುಬಿಡುತ್ತದೆ. ಸೋಮವಾರ ಸೋಮವಾರ ಆಫೀಸಿಗೆ ಮುಂಚೆ ರುದ್ರಭೂಮಿಗೆ ಹೋಗಿ ನಾಲ್ಕು ಬಿಲ್ವಪತ್ರೆ ಇಟ್ಟು ಬರುವುದು ಈ ಒಂದು ವರ್ಷದಲ್ಲಿ ನನ್ನ ರೂಢಿಯಾಗಿದೆ. ನಾನು ಜಬಲ್ಪುರದಲ್ಲಿ ಕೂತರೆ ಪತ್ರೆ ಇಡುವವರು ಯಾರು? ಅವಳನ್ನು ಒಬ್ಬಳನ್ನೇ ಬಿಟ್ಟು ಬಡ್ತಿಗೆ ಹೋದ ಗಂಡ ಎಂದು ನನ್ನನ್ನು ನಾನೇ ಅಂದುಕೊಳ್ಳಬೇಕಾಗುತ್ತದೆ.

ಊರು ಬಿಡುವುದಕ್ಕೂ ಒಂದು ಕಾರಣ ಇತ್ತು. ಅದು ಇನ್ನೂ ಸಣ್ಣದು. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ದರ್ಶಿನಿ ಇದೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೋಗಿ ಅಲ್ಲಿ ಬೈಟೂ ಕಾಫಿ ಕುಡಿಯುತ್ತಿದ್ದೆವು. ಬೈಟೂ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಕೊಡುವುದು. ಇದು ನಮ್ಮ ಊರಿನ ದೊಡ್ಡ ಆವಿಷ್ಕಾರ ಎಂದು ನನ್ನ ಅಭಿಪ್ರಾಯ. ಜಿಪುಣತನವನ್ನೂ ಪ್ರೀತಿಯನ್ನೂ ಒಂದೇ ಶಬ್ದದಲ್ಲಿ ಹಿಡಿದವರು ಬೇರೆ ಯಾರಿದ್ದಾರೆ? ಗಿರಿಜೆ ಹೋದ ಮೇಲೆ ಒಂದೆರಡು ತಿಂಗಳು ನಾನು ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಭಾನುವಾರ ಹೋದೆ. ಕಾಫಿ ಹಾಕುವ ಮಂಜಣ್ಣ ಗದ್ದಲದ ಮಧ್ಯೆ ತಲೆಯೆತ್ತಿ, “ಬೈಟೂ ತಾನೇ ಸಾರ್?” ಎಂದು ಕೂಗಿದ. ಅವನಿಗೆ ವಿಷಯ ಗೊತ್ತಿರಲಿಲ್ಲ. ಅಷ್ಟು ಜನರ ನಡುವೆ ಅದನ್ನು ಹೇಳುವುದು ಹೇಗೆ? ನಾನು ಹೂಂ ಎಂದೆ. ಎರಡು ಲೋಟ ಬಂದವು. ಕಲ್ಲಿನ ಕಟ್ಟೆಯ ಮೇಲೆ ಎರಡನ್ನೂ ಇಟ್ಟುಕೊಂಡು ಮೊದಲು ನನ್ನದನ್ನು ಕುಡಿದೆ, ಆಮೇಲೆ ಅವಳದನ್ನು ಕುಡಿದೆ. ಅವಳದು ಆರಿಹೋಗಿತ್ತು. ಆವತ್ತಿನಿಂದ ಪ್ರತಿ ಭಾನುವಾರ ಇದೇ ನಡೆದಿದೆ. ಮಂಜಣ್ಣನಿಗೆ ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಾನೆ. ಜಬಲ್ಪುರದಲ್ಲಿ ಬೈಟೂ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಅಲ್ಲಿ ಯಾರೂ ನನ್ನನ್ನು ಹಾಗೆ ಕೇಳುವುದಿಲ್ಲ. ಅದು ಸಮಾಧಾನವೋ ಸಂಕಟವೋ ತಿಳಿಯದೆ ಹತ್ತು ದಿನ ಕಳೆದೆ.

ಹನ್ನೊಂದನೆಯ ದಿನ ಭಾನುವಾರ. ತೀರ್ಮಾನ ಮಾಡಲಾರದವರು ಸಾಮಾನ್ಯವಾಗಿ ಯಾವುದಾದರೂ ಉಪಕಾರ್ಯ ಹುಡುಕಿಕೊಳ್ಳುತ್ತಾರೆ. ಹೋಗುವುದಾದರೆ ಸೂಟ್‌ಕೇಸು ಗಟ್ಟಿಯಾಗಿದೆಯೇ ಎಂದು ನೋಡೋಣವೆಂದು ನಾನು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ. ನಮ್ಮ ಮನೆಯಲ್ಲಿ ಇರುವುದು ಒಂದೇ ದೊಡ್ಡ ಸೂಟ್‌ಕೇಸು, ಗಿರಿಜೆ ಮದುವೆಯಾಗಿ ಬರುವಾಗ ದುರ್ಗದಿಂದ ತಂದದ್ದು. ನನ್ನ ಹೆಸರಿನಲ್ಲಿ ಒಂದೂ ಇಲ್ಲ. ಎಲ್ಲಿಗೂ ಹೋಗದವನಿಗೆ ಏಕೆ ಬೇಕು? ಧೂಳು ಒರೆಸುತ್ತಾ ಕೂತಾಗ ಒಂದು ಯೋಚನೆ ಬಂತು. ಇಪ್ಪತ್ತೆರಡನೇ ವಯಸ್ಸಿಗೆ ಈ ಪೆಟ್ಟಿಗೆ ಹಿಡಿದು, ಹುಟ್ಟಿದ ಊರು, ಬೀದಿ, ಗೆಳತಿಯರು, ಕೋಟೆಯ ಮೇಲಿನ ಗಾಳಿ, ಎಲ್ಲ ಬಿಟ್ಟು ಅವಳು ಬಂದಿದ್ದಳು. ಅವಳಿಗೆ ಯಾರೂ ಆರ್ಡರ್ ಕಳಿಸಿರಲಿಲ್ಲ, ಹದಿನೈದು ದಿನದ ಗಡುವು ಕೊಟ್ಟಿರಲಿಲ್ಲ, ಬೇಡವೆಂದು ಬರೆಯಲು ಒಂದು ಕಾಲಂ ಇರಲಿಲ್ಲ. ಮನೆಗೆ ಬಂದು ಎರಡನೆಯ ದಿನಕ್ಕೆ ನೀರು ಎಷ್ಟೊತ್ತಿಗೆ ಬರುತ್ತದೆ, ಹಾಲು ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಂಡು ಕೆಲಸ ಶುರುಮಾಡಿದಳು. ಊರು ಬಿಟ್ಟು ಗೊತ್ತಿದ್ದವಳು ಅವಳು. ಅವಳ ಹೆಸರು ಹೇಳಿ ಊರಲ್ಲೇ ಉಳಿದವನು ನಾನು.

ಸೂಟ್‌ಕೇಸಿನ ಒಳಗೆ ಒಂದು ಹಳೆಯ ವೃತ್ತಪತ್ರಿಕೆಯ ಪೊಟ್ಟಣ ಇತ್ತು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ, ಒಂದು ಕಂದು ಬಣ್ಣದ ಸ್ವೆಟರು. ಗಂಡಸಿನದು. ಎದೆಗೆ ಹಿಡಿದು ನೋಡಿದೆ. ಆಗಿನ ನನ್ನ ಅಳತೆ. ಈಗ ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಎಡದ ತೋಳು ಪೂರ್ತಿಯಾಗಿತ್ತು. ಬಲದ ತೋಳು ಇರಲಿಲ್ಲ. ಭುಜದ ಹತ್ತಿರ ಉಲ್ಲನ್ ದಾರ ಗಂಟು ಹಾಕಿ ನಿಂತಿತ್ತು. ಬೆಂಗಳೂರಿನಲ್ಲಿ ಇಷ್ಟು ದಪ್ಪನೆಯ ಸ್ವೆಟರು ಯಾವ ಮಾರ್ಗಶಿರಕ್ಕೂ ಬೇಕಾಗುವುದಿಲ್ಲ. ಪೊಟ್ಟಣದ ಕಾಗದ ತಿರುಗಿಸಿ ತಾರೀಕು ನೋಡಿದೆ. ಡೆಹ್ರಾಡೂನಿನ ಆರ್ಡರ್ ಬಂದಿದ್ದ ತಿಂಗಳು.

ಕೆಳಗಿನ ಮನೆಯಲ್ಲಿ ನಮ್ಮ ಓನರು ವಿಶಾಲಮ್ಮ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಗಿರಿಜೆ ಅವರನ್ನು ಅಕ್ಕ ಎನ್ನುತ್ತಿದ್ದಳು, ಹೆಣಿಗೆ ಕಲಿತದ್ದೂ ಅವರ ಹತ್ತಿರವೇ. ಸ್ವೆಟರು ಹಿಡಿದುಕೊಂಡು ಇಳಿದು ಹೋದೆ. ಅವರು ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಸುಲಿಯುವುದನ್ನು ನಿಲ್ಲಿಸಿದರು.

“ಇದಿನ್ನೂ ಇಟ್ಟಿದ್ಲಾ?” ಎಂದರು.

“ಏನಮ್ಮಾ ಇದು?” ಎಂದೆ.

“ನಿಮಗೇ ಅಂತ ಹಾಕಿದ್ದು. ನಿಮ್ಮ ಒಗೆಯೋ ಶರ್ಟ್ ತಂದು ಅಳತೆ ತಗೊಂಡಿದ್ಲು. ಆರ್ಡರ್ ವಿಷಯ ನಿಮ್ಮ ಆಫೀಸಿನವ್ರ ಮನೆಯಾಕೆ ಯಾರೋ ಮಾರ್ಕೆಟ್‌ನಲ್ಲಿ ಸಿಕ್ಕಿ ಹೇಳಿದ್ರಂತೆ. ಬಂದೋಳು ಕುಣಿದಾಡ್ಬಿಟ್ಲು. ‘ಅಕ್ಕ, ಅಲ್ಲಿ ಮನೆ ಬಾಗಿಲು ತೆಗೆದ್ರೆ ಬೆಟ್ಟ ಕಾಣುತ್ತಂತೆ, ಚಳಿ ಜಾಸ್ತಿಯಂತೆ, ಇವ್ರಿಗೆ ಚಳಿ ತಡ್ಯೋಕಾಗಲ್ಲ’ ಅಂತ ಆವತ್ತೇ ಉಲ್ಲನ್ ತಂದ್ಲು. ನೀವು ಬಾಯಿಬಿಟ್ಟು ಹೇಳೋ ತನಕ ಗೊತ್ತಿಲ್ಲದ ಹಾಗೇ ಇರ್ತೀನಿ ಅಂದ್ಲು. ಹತ್ತೇ ದಿನದಲ್ಲಿ ಇಷ್ಟಾಗಿತ್ತು.”

“ಮತ್ತೆ ಈ ತೋಳು?”

ವಿಶಾಲಮ್ಮ ನನ್ನನ್ನೇ ನೋಡಿದರು. “ಅಷ್ಟರಲ್ಲಿ ನೀವು ಬೇಡ ಅಂತ ಬರ್ಕೊಟ್ಟು ಬಂದ್ರಲ್ಲ” ಎಂದರು.

ನಾನು ಮೆಟ್ಟಿಲ ಮೇಲೆ ಕೂತೆ. ಅವರು ಮತ್ತೆ ಅವರೆಕಾಯಿ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಹೇಳಿದರು: “ನನಗೆ ಸಿಟ್ಟು ಬಂತು. ಹೋಗಿ ಕೇಳೇ ಅಂದೆ. ‘ಇರ್ಲಿ ಬಿಡಿ ಅಕ್ಕ, ಅವ್ರಿಗೆ ಊರು ಬಿಟ್ರೆ ಭಯ. ಭಯ ಅಂತ ಹೇಳ್ಕೊಳ್ಳೋಕೆ ಆಗಲ್ಲ ಗಂಡಸ್ರಿಗೆ. ನನ್ನ ಹೆಸ್ರು ಹೇಳಿದ್ರೆ ನಂಗೇನು ಸವೆದ್ಹೋಗುತ್ತಾ’ ಅಂದ್ಲು. ಆಮೇಲೆ ನಾಗಪುರನೋ ಏನೋ ಬಂತಲ್ಲ, ಆಗ ಹೆಣಿಗೆ ಕಡ್ಡಿ ಮುಟ್ಟಲಿಲ್ಲ.”

ಮಲ್ಲೇಶ್ವರದ ಛತ್ರದಲ್ಲಿ ಅವಳು ನಕ್ಕದ್ದು ನೆನಪಾಯಿತು. ನನ್ನ ಸುಳ್ಳಿಗೆ ಅವಳು ಆ ಕ್ಷಣಕ್ಕೆ ಒಪ್ಪಿಗೆ ಕೊಟ್ಟಳೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಒಂದು ತೋಳಿನ ಸ್ವೆಟರನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬಂದು ಹಾಗೆ ನಗುತ್ತಿದ್ದಳೆಂದು ಗೊತ್ತಿರಲಿಲ್ಲ. ಬೆಟ್ಟ ಕಾಣುವ ಬಾಗಿಲು ಒಂದು ಅವಳ ಮನಸ್ಸಿನಲ್ಲಿತ್ತು. ನಾನು ಅದನ್ನು ತೆಗೆಯಲೂ ಬಿಡಲಿಲ್ಲ, ಮುಚ್ಚಿದವನು ನಾನೇ ಎಂದು ಹೇಳಿಕೊಳ್ಳಲೂ ಇಲ್ಲ. ವಿಶಾಲಮ್ಮನ ಎದುರು ಅಳಬಾರದೆಂದು ತುಂಬಾ ಪ್ರಯತ್ನಪಟ್ಟೆ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟರು.

ಹೆಸರಿನ ವಿಷಯವೂ ಆವತ್ತೇ ಹೊಳೆಯಿತು. ಗಿರಿಜೆ ಎಂದರೆ ಪರ್ವತರಾಜನ ಮಗಳು, ಹಿಮಾಲಯ ಅವಳ ತವರು. ಡೆಹ್ರಾಡೂನು ಆ ಬೆಟ್ಟಗಳ ಕಾಲಬುಡದಲ್ಲಿದೆಯಂತೆ. ಪುರಾಣದ ಶಿವ ಮಾವನ ಮನೆಯ ಬೆಟ್ಟಗಳಲ್ಲೇ ಸಂಸಾರ ಹೂಡಿದ. ನಾನು ಹೆಸರಿಗೆ ರುದ್ರಪ್ಪ. ಹೆಂಡತಿಯನ್ನು ಆ ತವರಿನ ಕಡೆ ಒಂದು ಸಲವೂ ಕರೆದೊಯ್ಯಲಿಲ್ಲ. ಶ್ಮಶಾನಕ್ಕೆ ಮಾತ್ರ ವಾರವಾರ ತಪ್ಪದೆ ಹೋಗುತ್ತೇನೆ. ಆ ಒಂದು ವಿಷಯದಲ್ಲಿ ಹೆಸರು ಉಳಿಸಿಕೊಂಡಿದ್ದೇನೆ.

ಮಾರನೆಯ ದಿನ ಸೋಮವಾರ. ಪತ್ರೆ ತೆಗೆದುಕೊಂಡು ರುದ್ರಭೂಮಿಗೆ ಹೋದೆ. ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸಿ ಮಾಡುತ್ತೇವೆ. ಕಳೆದ ವರ್ಷದಿಂದ ಆ ಯೋಚನೆ ಬಂದಾಗಲೆಲ್ಲ ನನಗೆ ಒಂದು ರೀತಿಯ ನೆಮ್ಮದಿ ಇತ್ತು. ಅವಳು ಮನೆಯಲ್ಲಿ ಕೂತಿರುತ್ತಿದ್ದ ಹಾಗೇ ಕೂತಿದ್ದಾಳೆ, ನಾನು ಹೋಗಿ ಮಾತಾಡಿಸಿ ಬರುತ್ತಿದ್ದೇನೆ ಎಂದು. ಆವತ್ತು ಹಾಗನ್ನಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆಯ ಪಕ್ಕ ಕೂತು ಕಾಯುತ್ತಿರುವವಳ ಹಾಗೆ ಕಂಡಳು. ಗಂಡ ಟಿಕೆಟ್ಟು ತರುತ್ತೇನೆಂದು ಹೋದವನು ಹದಿನೆಂಟು ವರ್ಷವಾದರೂ ಬಂದಿಲ್ಲ. ನಾಲ್ಕು ಪತ್ರೆ ಇಟ್ಟೆ. ಮಾತಾಡುವ ಮೊದಲು ಮಾಡಬೇಕಾದ ಕೆಲಸವೊಂದು ಬಾಕಿಯಿತ್ತು.

ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಳೆಯ ಪತ್ರ ತೆರೆದೆ. ಭುವನೇಶ್ವರ ತೆಗೆದು ಜಬಲ್ಪುರ ಹಾಕಿದೆ. ತಾರೀಕು ಬದಲಾಯಿಸಿದೆ. ‘ಸ್ವೀಕರಿಸಲು ಆಗುತ್ತಿಲ್ಲ’ ಎಂದಿದ್ದ ಕಡೆ ‘ಸ್ವೀಕರಿಸುತ್ತಿದ್ದೇನೆ’ ಎಂದು ಮಾಡಿದೆ. ಕೆಳಗಿನ ಇಂಗ್ಲಿಷಿನಲ್ಲೂ ಅಷ್ಟನ್ನೇ ತಿದ್ದಿದೆ. ಬೇರೆ ಯಾವ ಅಕ್ಷರವನ್ನೂ ಮುಟ್ಟಲಿಲ್ಲ. ಭಯವೇನೂ ಹೋಗಿರಲಿಲ್ಲ. ಐವತ್ತೇಳಕ್ಕೆ ಹೋಗಿ ಹಿಂದಿಯಲ್ಲಿ ತರಕಾರಿ ಕೊಳ್ಳಬೇಕಲ್ಲಾ ಎಂಬ ಚಿಂತೆ ಇದ್ದೇ ಇತ್ತು. ಮೂರು ವರ್ಷ ಕಳೆದ ಮೇಲೆ ವಾಪಸ್ಸು ಬಂದಾಗ ಗಾಂಧಿ ಬಜಾರು ನನ್ನನ್ನು ಗುರುತು ಹಿಡಿಯುತ್ತದೋ ಇಲ್ಲವೋ. ಸೋಮವಾರದ ಪತ್ರೆಯನ್ನು ತಮ್ಮ ಮಗನ ಕೈಯಲ್ಲಿ ಇಡಿಸುತ್ತೇನೆಂದು ವಿಶಾಲಮ್ಮ ಒಪ್ಪಿಕೊಂಡಿದ್ದಾರೆ. ಸ್ವೆಟರನ್ನೂ ಅವರೇ ಇಟ್ಟುಕೊಂಡಿದ್ದಾರೆ. “ಜಬಲ್ಪುರದಲ್ಲೂ ಪುಷ್ಯ ಮಾಸದಲ್ಲಿ ಚಳಿಯಂತೆ, ನನ್ನ ಸೊಸೆ ಫೋನಲ್ಲಿ ನೋಡಿದ್ಲು. ಬೆರಳು ಬಗ್ಗೋದಿಲ್ಲ, ಆದ್ರೂ ಒಂದು ತೋಳು ತಾನೇ, ಹಾಕ್ಕೊಡ್ತೀನಿ. ಆ ಬಣ್ಣದ ಉಲ್ಲನ್ ಈಗ ಸಿಗಲ್ಲ. ಬೇರೆ ಕಂದು ಆಗುತ್ತೆ” ಎಂದರು. ಆಗಲಿ ಎಂದೆ. ಎರಡು ಬಣ್ಣದ ತೋಳಿನವನು ಎಂದು ಹೊಸ ಊರಿನವರು ನನ್ನನ್ನು ಬೇಗ ಗುರುತು ಹಿಡಿಯಬಹುದು. ಬರುವ ಭಾನುವಾರ ಮಂಜಣ್ಣನಿಗೂ ವಿಷಯ ಹೇಳಬೇಕು, ಎರಡೂ ವಿಷಯ.

ಪತ್ರ ಕಳಿಸಿ ಅರ್ಧ ಗಂಟೆಗೆ ಪಲ್ಲವಿಯಿಂದ ಫೋನು ಬಂತು. ಈ ಸಲ ಬಹಳ ಎಚ್ಚರಿಕೆಯಿಂದ ಮಾತಾಡಿದಳು.

“ಸಾರ್, ಕಂಗ್ರಾಟ್ಸ್. ಒಂದ್ ಚಿಕ್ಕ ಡೌಟು. ಒಪ್ಕೊಳ್ಳೋದಾದ್ರೆ ಕಾರಣ ಬರೆಯೋ ಹಾಗಿಲ್ಲ ಸಾರ್. ನೀವು ಹಳೇ ಲೆಟರ್ ತಿದ್ದಿದೀರ ಅನ್ಸುತ್ತೆ, ಎರಡು ಲೈನ್ ಹಾಗೇ ಉಳ್ಕೊಂಡಿದೆ. ‘ಕೌಟುಂಬಿಕ ಕಾರಣಗಳಿಂದ ಸ್ವೀಕರಿಸುತ್ತಿದ್ದೇನೆ, ಮನ್ನಿಸಬೇಕು’ ಅಂತಿದೆ. ತೆಗೆದ್ಬಿಡ್ಲಾ?”

“ಮನ್ನಿಸಬೇಕು ಅನ್ನೋದನ್ನ ತೆಗಿಯಮ್ಮ,” ಎಂದೆ. “ಅದನ್ನ ಹೇಳಬೇಕಾದೋರ ಹತ್ರ ನಾನೇ ಹೋಗಿ ಹೇಳ್ತೀನಿ. ಕಾರಣ ಮಾತ್ರ ಇರ್ಲಿ ಬಿಡು.”